ಪ್ಯಾಸೇಜ್ ಹೇಳಿದ್ದೇ ಖರೆ

ನಮ್ಮ ಪಡಸಾಲೆಯಲ್ಲಿ ಯಾರಾದರೂ ಇಂಗ್ಲಿಷ್ ಪ್ಯಾಸೇಜ್ ಓದಲು ಕುಳಿತರೆ ಸಾಕು, ನನ್ನ ಎದೆ ಧಸಕ್ಕೆನ್ನುವಂಥದ್ದು ಏನಾದರೂ ಒಂದು ನಡೆದೇ ತೀರುತ್ತದೆ. ಮೊದಮೊದಲು ಇದು ನನ್ನ ಕಲಿಸುವಿಕೆಯ ದೋಷವೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ದೋಷ ನನ್ನದಲ್ಲ, ನಮ್ಮ ಸೀಮೆಯದು.

ನಾನು ಬಿ.ಎ., ಇಂಗ್ಲಿಷ್ ಮುಖ್ಯ ವಿಷಯ. ತವರು ನಿಪ್ಪಾಣಿ ಹತ್ತಿರದ ಅಕ್ಕೋಳ, ಕೊಟ್ಟದ್ದು ಅಥಣಿಗೆ. ಈ ಮನೆತನಕ್ಕೆ ಬಂದ ಸೊಸೆಯರಲ್ಲಿ ಪದವಿಯ ಗೌನು ತೊಟ್ಟು ಫೋಟೋ ತೆಗೆಸಿಕೊಂಡವಳು ನಾನೊಬ್ಬಳೇ. ಆ ಫೋಟೋ ಈಗಲೂ ಪಡಸಾಲೆಯಲ್ಲಿದೆ, ನಮ್ಮ ಮಾವನವರ ಫೋಟೋಕ್ಕಿಂತ ಒಂದು ಗೇಣು ಮೇಲೆ. ಹಾಗೆ ಹಾಕಿಸಿದವರು ಮಾವನವರೇ. ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಕಡೆಯ ಹುಡುಗರು ಕಾನೂನು, ಹೋಟೆಲ್ ಮ್ಯಾನೇಜ್‌ಮೆಂಟ್, ಎಂ.ಬಿ.ಎ. ಎಂದು ದೊಡ್ಡ ದೊಡ್ಡ ಕಾಲೇಜುಗಳ ಪ್ರವೇಶ ಪರೀಕ್ಷೆ ಕಟ್ಟಲು ಶುರು ಮಾಡಿದರು. ಗಣಿತದಲ್ಲಿ ಯಾರೂ ಕಡಿಮೆಯಿಲ್ಲ. ಸಿಕ್ಕಿಬೀಳುತ್ತಿದ್ದದ್ದು ಇಂಗ್ಲಿಷ್ ಪ್ಯಾಸೇಜಿನಲ್ಲಿ. ಒಂದು ಪುಟದಷ್ಟು ಬರಹ ಕೊಟ್ಟಿರುತ್ತಾರೆ, ಕೆಳಗೆ ಪ್ರಶ್ನೆ ಕೇಳಿರುತ್ತಾರೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ನಿಯಮ ಒಂದೇ. ಉತ್ತರ ಆ ಬರಹದಲ್ಲಿ ಇದ್ದದ್ದಾಗಿರಬೇಕು, ನಿಮಗೆ ಗೊತ್ತಿದ್ದದ್ದಲ್ಲ. ಹೀಗಾಗಿ ಬೆಳಿಗ್ಗೆ ಆರರಿಂದ ನಮ್ಮ ಪಡಸಾಲೆಯಲ್ಲಿ ನನ್ನ ಕ್ಲಾಸು ಶುರುವಾಯಿತು. ಚಿಕ್ಕೋಡಿ, ರಾಯಬಾಗ, ಕಾಗವಾಡ, ಎಲ್ಲ ಕಡೆಯಿಂದ ಹುಡುಗರು ಬಂದರು. ಯಾರು ಬಂದರು, ಯಾವ ಪ್ಯಾಸೇಜ್ ಓದಿದರು, ಏನು ತಪ್ಪು ಮಾಡಿದರು ಎಂದು ಅಂದಂದೇ ಬರೆದಿಡುವುದು ನನ್ನ ಅಭ್ಯಾಸ. ತಪ್ಪಿನ ಕಾಲಂ ಮಾತ್ರ ಯಾವಾಗಲೂ ಸಾಲುತ್ತಿರಲಿಲ್ಲ. ನಮ್ಮ ಮಂದಿಗೆ ಬರೆದವನು ಹೇಳಿದ್ದನ್ನು ಹಾಗೇ ಒಪ್ಪಿಕೊಳ್ಳುವುದೆಂದರೆ ಹೊಲದ ಬದು ಬಿಟ್ಟುಕೊಟ್ಟಷ್ಟು ಸಂಕಟ.

ಪಡಸಾಲೆಯ ಕಂಬದ ಹಿಂದೆ ಕುಳಿತು ಎಲ್ಲರ ತಪ್ಪನ್ನೂ ಕೇಳುತ್ತ ಬೆಳೆದವಳು ನನ್ನ ಮೊಮ್ಮಗಳು. ಎರಡನೇ ಇಯತ್ತೆಯಲ್ಲಿದ್ದಾಗಲೇ ತಾನು ವಕೀಲಳಾಗುವುದಾಗಿ ಸಾರಿದ್ದಳು. ಅವಳ ಅಪ್ಪ, ಅಂದರೆ ನನ್ನ ಮಗ, ಗೊಬ್ಬರದ ಅಂಗಡಿ ಮತ್ತು ಕಬ್ಬು ನೋಡಿಕೊಂಡಿರುವವನು, ಅವಳು ಪಿ.ಯು.ಸಿ. ಸೇರಿದ ದಿನವೇ ಹೇಳಿಬಿಟ್ಟ: "ಕಾನೂನಿನ ಪರೀಕ್ಷಾ ಒಂದ ಸಲ ಕಟ್ಟು. ಸೀಟ್ ಸಿಕ್ತು, ಹೋಗು. ಸಿಗಲಿಲ್ಲ, ಚಿಕ್ಕೋಡಿಯಾಗ ಬಿ.ಕಾಂ. ಮಾಡು, ನನ್ನ ಅಂಗಡಿ ನೋಡಕೋ. ಎರಡನೇ ಸಲ ಅನ್ನೂ ಮಾತ ಇಲ್ಲ."

ಒಂದೇ ಸಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಒಂಬತ್ತು ಗಂಟೆಯ ಊಟ

ಕ್ಲಾಸಿನ ಮೊದಲ ವರ್ಷ. ಬಂದವರಲ್ಲಿ ಹೆಚ್ಚಿನವರು ನಮ್ಮಂತೆಯೇ ಜೈನ ರೈತ, ವ್ಯಾಪಾರಿ ಮನೆತನದವರು. ಬರೆದಿಲ್ಲದ್ದನ್ನು ಬರೆದದ್ದರಿಂದ ಊಹಿಸುವುದು ಹೇಗೆ ಎಂದು ಕಲಿಸಲು ಒಂದು ಸುಲಭದ ಪ್ಯಾಸೇಜ್ ಆರಿಸಿದ್ದೆ. ಇಂಗ್ಲೆಂಡಿನ ಒಂದು ಕುಟುಂಬ. ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿ, ಬೆಳ್ಳಿಯ ತಟ್ಟೆಗಳನ್ನಿಟ್ಟುಕೊಂಡು, ಆಳುಗಳು ಬಡಿಸುತ್ತಿದ್ದಂತೆ ಊಟಕ್ಕೆ ಕೂಡುತ್ತಾರೆ. ಪ್ರಶ್ನೆ: ಈ ಕುಟುಂಬದ ಬಗ್ಗೆ ಏನನ್ನು ಊಹಿಸಬಹುದು?

ಶ್ರೀಮಂತರು ಎಂಬ ಉತ್ತರ ಎದುರಿಗೇ ಇತ್ತು. ಬೆಳ್ಳಿ ತಟ್ಟೆ ಇದೆ, ಆಳು ಇದ್ದಾರೆ, ಇನ್ನೇನು ಬೇಕು? ಯಾರೂ ಅದನ್ನು ಮುಟ್ಟಲಿಲ್ಲ.

ಒಬ್ಬ ಹುಡುಗ ಎದ್ದು ನಿಂತು ಹೇಳಿದ: "ಅವರ ಮನ್ಯಾಗ ಹಿರ್ಯಾರು ಯಾರೂ ಇಲ್ರಿ."

"ಯಾಕಪ್ಪಾ?"

"ಹಿರ್ಯಾರಿದ್ರ ಹೊತ್ತು ಮುಣುಗಿದ ಮ್ಯಾಲ ಉಣ್ಣಾಕ ಬಿಡ್ತಾರೇನ್ರಿ?"

ಪಕ್ಕದ ಹುಡುಗಿ ಅವನನ್ನು ತಿದ್ದಿದಳು. "ಹಂಗಲ್ರಿ ಬಾಯಾರ. ಮನ್ಯಾಗ ಯಾರೋ ತೀರಿಕೊಂಡಾರ. ಮಣ್ಣಿಗೆ ಹೋಗಿ ಬರೂದು ತಡಾ ಆಗೇತಿ."

ಮೂರನೆಯವನು ಇನ್ನೂ ಮುಂದೆ ಹೋಗಿ, ಆ ಮನೆಯ ಯಜಮಾನನಿಗೆ ಸಕ್ಕರೆ ರೋಗವಿದೆ, ಡಾಕ್ಟರು ಹೇಳಿದ್ದಕ್ಕೆ ರಾತ್ರಿ ಉಣ್ಣುತ್ತಿದ್ದಾನೆ, ಇದರಲ್ಲಿ ಅವನ ತಪ್ಪಿಲ್ಲ ಎಂದು ಅವನಿಗೆ ಮಾಫಿಯನ್ನೂ ಕೊಟ್ಟ. ನಾನು ಬೆಳ್ಳಿ ತಟ್ಟೆಯ ಕಡೆಗೆ ಬೆರಳು ಮಾಡಿ ತೋರಿಸಿದೆ. "ತಾಟು ಯಾವುದಾದರೇನ್ರಿ, ಹೊತ್ತು ಮುಣುಗೇತಲ್ರಿ" ಎಂದರು.

ಮರುದಿನ ಬೆಳಿಗ್ಗೆ ಆ ಹುಡುಗಿಯ ತಾಯಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಬಹಳ ಸಂಕೋಚದಿಂದ ಹೇಳಿದರು: "ಬಾಯಾರ, ನಿಮ್ಮ ಕಲಿಸೂದಕ್ಕ ನಾವೇನೂ ಅನ್ನೂದಿಲ್ರಿ. ಆದ್ರ ಈಗ ಚಾತುರ್ಮಾಸ ನಡದೈತಿ. ಅದು ಮುಗಿಯೂತನಕ ಹಗಲಿ ಉಣ್ಣವರ ಪ್ಯಾಸೇಜ್ ಇದ್ರ ಕೊಡ್ರಿ."

ತಗ್ಗಿಗೊಂದು ಆಭಾರ

ಬರೆದವನ ಮನಸ್ಸಿನಲ್ಲಿ ಏನಿದೆ, ಸಿಟ್ಟೋ, ಸಂತೋಷವೋ, ಚೇಷ್ಟೆಯೋ ಎಂದು ಗುರುತಿಸುವ ಪ್ರಶ್ನೆಯೊಂದು ಇದ್ದೇ ಇರುತ್ತದೆ. ಇದರಲ್ಲಿ ಪಟ್ಟಣದ ಮಕ್ಕಳೇ ಎಡವುತ್ತಾರೆ. ನಾನು ಕೊಟ್ಟದ್ದು ಒಬ್ಬ ನಾಗರಿಕ ಪುರಸಭೆಯ ಅಧಿಕಾರಿಗೆ ಬರೆದ ಪತ್ರ. ‘ಮಾನ್ಯರೇ, ನಮ್ಮ ಮನೆಯ ಮುಂದೆ ತಾವು ತೆಗೆಸಿದ ತಗ್ಗಿಗಾಗಿ ನಾನು ತಮಗೆ ಅತ್ಯಂತ ಆಭಾರಿಯಾಗಿದ್ದೇನೆ. ಮಳೆಗಾಲದಲ್ಲಿ ನಮ್ಮ ಮಕ್ಕಳಿಗೆ ಅದರಲ್ಲಿ ಈಜು ಕಲಿಯುವ ಅನುಕೂಲವಾಗಿದೆ’ ಎಂಬ ಧಾಟಿಯದು. ಎಲ್ಲರೂ ‘ಕೃತಜ್ಞತೆ’ ಎಂದು ಗುರುತು ಹಾಕಿದರು. ಸಾಲದ್ದಕ್ಕೆ ಒಬ್ಬಳು ಆ ಅಧಿಕಾರಿಯನ್ನು ಹೊಗಳಿದಳು ಕೂಡ.

ರಾಯಬಾಗದ ಕಡೆಯ ಒಬ್ಬ ಹುಡುಗ ಮಾತ್ರ ‘ಸಿಟ್ಟು’ ಎಂದು ಬರೆದಿದ್ದ. ಆವರೆಗೆ ಅವನು ಒಂದು ಉತ್ತರವನ್ನೂ ಸರಿ ಬರೆದವನಲ್ಲ. ನನಗೆ ನಂಬಿಕೆಯಾಗಲಿಲ್ಲ.

"ಹೆಂಗ ಗೊತ್ತಾತು?" ಎಂದೆ.

"ಮಾನ್ಯರೇ ಅಂದಾನಲ್ರಿ."

"ಅದು ಮರ್ಯಾದೆಯ ಮಾತಲ್ಲೇನೋ?"

"ನಮ್ಮಪ್ಪ ದಿನಾ ಎಲ್ಲಾರಿಗೂ ಲೇ ಅಂತಾನ್ರಿ. ಪ್ರೀತಿ ಇದ್ರೂ ಲೇ, ಹಸಿವಾದ್ರೂ ಲೇ. ಯಾರಿಗರೆ ‘ಸಾಹೇಬ್ರ, ತಾವು’ ಅಂದಾ ಅಂದ್ರ ನಮ್ಮವ್ವ ಬಡಿಗಿ ಒಳಗ ತಂದಿಡ್ತಾಳ್ರಿ."

ಬರಹಗಾರನ ಧಾಟಿಯ ಬಗ್ಗೆ ಕಾಲೇಜಿನಲ್ಲಿ ನಾನು ಕೇಳಿದ ಯಾವ ಉಪನ್ಯಾಸದಲ್ಲೂ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಆ ವಾರದ ಕೊನೆಗೆ ಹುಡುಗನ ತಂದೆ ಅವನನ್ನು ಕರೆದೊಯ್ಯಲು ಬಂದರು. ಎತ್ತರದ ಆಳು, ದೊಡ್ಡ ಮೀಸೆ. ಪಡಸಾಲೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ, "ನಮಸ್ಕಾರ್ರಿ ಬಾಯಿ ಸಾಹೇಬ್ರ, ತಾವು ನಮ್ಮ ಹುಡುಗಗ ಭಾಳ ಉಪಕಾರ ಮಾಡೀರಿ" ಎಂದರು.

ಬಡಿಗೆ ಒಳಗಿಡೆಂದು ನಾನು ಸೊಸೆಯನ್ನು ಹೊರಗೆ ಕರೆದೆ.

ಗಟಾರದ ಪಾರಾಯಣ

ಓದುವ ವೇಗ ಹೆಚ್ಚಬೇಕೆಂದರೆ ದಿನಾ ಮುಂಜಾನೆ ಗಟ್ಟಿಯಾಗಿ ಓದಿ ಎಂದು ಎಲ್ಲರಿಗೂ ಹೇಳಿದ್ದೆ. ಸತ್ತಿ ಎಂಬ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಇದನ್ನು ಬಹಳ ನಿಷ್ಠೆಯಿಂದ ಪಾಲಿಸಿದಳು. ನೋಡುನೋಡುತ್ತಿದ್ದಂತೆ ಅವಳ ವೇಗ ಎಷ್ಟು ಹೆಚ್ಚಿತೆಂದರೆ, ಇದು ಹೇಗೆ ಸಾಧ್ಯ ಎಂದು ನಾನೇ ಕೇಳಿಕೊಂಡೆ.

ಒಂದು ರವಿವಾರ ಸತ್ತಿಯಲ್ಲಿ ನಮ್ಮ ಸಂಬಂಧಿಕರ ಮನೆಗೆ ಹೋಗಿದ್ದವಳು, ಹಾಗೆಯೇ ಆ ಹುಡುಗಿಯ ಮನೆಗೂ ಹೋದೆ. ಹೊಸ್ತಿಲಲ್ಲೇ ಕಾಲು ನಿಂತುಹೋಯಿತು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ನಡುಮನೆಯಲ್ಲಿ ಮಣೆಯ ಮೇಲೆ ಹುಡುಗಿ ಕುಳಿತು ಒಂದೇ ಉಸಿರಿಗೆ ಇಂಗ್ಲಿಷ್ ಓದುತ್ತಿದ್ದಾಳೆ. ಮುಂದೆ ಸಮೆಯ ದೀಪ ಉರಿಯುತ್ತಿದೆ, ಊದುಬತ್ತಿ ಹಚ್ಚಿದ್ದಾರೆ. ಅವಳ ಅಜ್ಜಿ, ಅಕ್ಕಪಕ್ಕದ ಏಳೆಂಟು ಮುದುಕಿಯರು ಕೈಯಲ್ಲಿ ಅಕ್ಕಿಕಾಳು ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದಾರೆ.

ಓದುತ್ತಿದ್ದದ್ದು ನಾನೇ ಕೊಟ್ಟ ಪ್ಯಾಸೇಜ್. ಹಿಂದಿನ ಕಾಲದಲ್ಲಿ ಲಂಡನ್ ಪಟ್ಟಣದ ಗಟಾರಗಳು ಹೇಗೆ ತುಂಬಿ ನದಿಗೆ ಹರಿದವು, ಆ ನಾತಕ್ಕೆ ಮಂದಿ ಮೂಗು ಮುಚ್ಚಿಕೊಂಡು ಹೇಗೆ ಓಡಿದರು ಎಂಬುದು ಅದರ ವಿಷಯ. ಗಟಾರ ಉಕ್ಕುವ ಭಾಗ ಬಂದಾಗ ಅವಳ ದನಿ ಏರಿತು. ಒಬ್ಬ ಮುದುಕಿ ಗಲ್ಲ ಗಲ್ಲ ಬಡಿದುಕೊಂಡಳು.

ಮುಗಿಯುತ್ತಲೇ ಎಲ್ಲರೂ ಪುಸ್ತಕದ ಮೇಲೆ ಅಕ್ಕಿಕಾಳು ಹಾಕಿ ನಮಸ್ಕರಿಸಿದರು. ಸಕ್ಕರೆ ಹಂಚಿದರು. ನನಗೂ ಕೊಟ್ಟರು. ನಾನು ಬಾಯಿ ತೆರೆಯುವುದರೊಳಗೆ ಹುಡುಗಿ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಹೇಳಬ್ಯಾಡ್ರಿ ಬಾಯಾರ. ಓದಾಕ ಕುಂತೀನಂದ್ರ ನನಗ ಯಾರೂ ಕೆಲಸ ಹೇಳೂದಿಲ್ಲ. ಇಲ್ಲಂದ್ರ ಇಷ್ಟೊತ್ತಿಗೆ ಸಗಣಿ ಬಳೀತಿದ್ದೆ."

ಹೊರಗೆ ಬಂದಾಗ ಗಲ್ಲ ಬಡಿದುಕೊಂಡ ಮುದುಕಿ ನನ್ನನ್ನು ತಡೆದು ನಿಲ್ಲಿಸಿದಳು. ಕಣ್ಣು ತೇವವಾಗಿತ್ತು. "ನೀವ ಅಂತಲ್ಲ ಪುಸ್ತಕಾ ಕೊಟ್ಟವರು? ಇವತ್ತಿಂದು ಭಾಳ ಛಲೋ ಇತ್ತವ್ವ. ನಾಳಿಂದು ಎಷ್ಟನೇ ಅಧ್ಯಾಯ?"

ನಿಪ್ಪಾಣಿಯಲ್ಲಿ ಬೀಗರು

ಇದು ಸಣ್ಣದು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯ ಮಗಳೊಬ್ಬಳು ಅಥಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ತಂಬಾಕು ಬೆಳೆಯುವುದನ್ನೇ ನಿಲ್ಲಿಸಬೇಕು ಎಂದು ವಾದಿಸುವ ಒಂದು ಪ್ಯಾಸೇಜ್ ಬಂತು. ಬರೆದವನು ಯಾರಾಗಿರಬಹುದು ಎಂಬುದು ಪ್ರಶ್ನೆ. ಡಾಕ್ಟರ್, ರೈತ, ಮಂತ್ರಿ, ಪ್ರವಾಸಿ ಎಂದು ನಾಲ್ಕು ಉತ್ತರ ಕೊಟ್ಟಿತ್ತು. ಅವಳು ನಾಲ್ಕನ್ನೂ ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದಳು: ‘ಯಾರಾದರೂ ಆಗಿರಲಿ, ಇವನಿಗೆ ನಿಪ್ಪಾಣಿಯಲ್ಲಿ ಬೀಗರಿಲ್ಲ.’

"ಇದು ಪ್ಯಾಸೇಜಿನ್ಯಾಗ ಎಲ್ಲೈತಿ ತೋರಿಸು" ಎಂದು ಗದರಿಸಿದೆ.

"ಎಲ್ಲಾ ಸಾಲಿನ್ಯಾಗೂ ಐತ್ರಿ. ಬೀಗರಿದ್ದವ ಹಿಂಗ ಬರದು, ದೀಪಾವಳಿಗೆ ಯಾವ ಮಾರಿ ತಗೊಂಡು ಹೋಗ್ತಾನ್ರಿ?"

ನಾನು ಆ ಪ್ಯಾಸೇಜನ್ನು ಇನ್ನೊಮ್ಮೆ ಓದಿದೆ. ಅಕ್ಕೋಳದಲ್ಲಿ ನನ್ನ ಅಣ್ಣನದು ಎರಡು ಎಕರೆ ತಂಬಾಕು. ಅವಳಿಗೆ ಪೂರ್ತಿ ಅಂಕ ಕೊಟ್ಟು, ಪ್ಯಾಸೇಜನ್ನು ಒಲೆಗೆ ಹಾಕಿದೆ.

ಹೇಳದ ಮಾತು

ಮೊಮ್ಮಗಳ ಸರದಿ ಬಂತು. ಎರಡನೇ ಪಿ.ಯು.ಸಿ., ಪರೀಕ್ಷೆಗೆ ಐದಾರು ತಿಂಗಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ವೇಗವಿತ್ತು, ಒಂದೇ ರೋಗ. ಪ್ಯಾಸೇಜ್ ಬರೆದವನ ಜೊತೆ ಜಗಳ ತೆಗೆಯುತ್ತಿದ್ದಳು. ‘ಹೆಣ್ಣುಮಕ್ಕಳು ಸ್ವಭಾವತಃ ಅಂಜುಬುರುಕರು’ ಎಂದು ಒಂದರಲ್ಲಿ ಬರೆದಿತ್ತು. ಅವಳು ಉತ್ತರಕ್ಕೆ ಗುರುತು ಹಾಕುವುದನ್ನು ಬಿಟ್ಟು ಅಂಚಿನಲ್ಲಿ, ‘ಇವನು ನಮ್ಮ ಆಯಿಯನ್ನು ನೋಡಿಲ್ಲ’ ಎಂದು ಬರೆದಿಟ್ಟಳು. ಆಯಿ ಅಂದರೆ ನಾನು. ಅಂಕ ಹೋಯಿತು. ನನಗೆ ಸಂತೋಷವಾಗಲಿಲ್ಲ ಎಂದು ಹೇಳಲಾರೆ, ಆದರೆ ಅಂಕ ಹೋಯಿತು.

"ನೋಡು," ಎಂದೆ, "ನಿನಗಿರೂದು ಒಂದ ಸಲ. ಬರದವನ ಜೋಡಿ ವಾದ ಬ್ಯಾಡ. ಪ್ಯಾಸೇಜ್ ಹೇಳಿದ್ದೇ ಖರೆ. ಅದು ಹೇಳಿಲ್ಲಂದ್ರ ಅದು ನಿನಗ ಗೊತ್ತ ಇಲ್ಲ. ಮನಸಿನ್ಯಾಗಿಂದು ಒಂದ ಅಕ್ಷರ ಸೇರಸಬ್ಯಾಡ."

ಅವಳು ಈ ಪಾಠವನ್ನು ಹೇಗೆ ಹೀರಿಕೊಂಡಳೆಂದರೆ, ಅದು ಪ್ಯಾಸೇಜಿನಲ್ಲಿ ಹಿಡಿಸದೆ ಮನೆಗೂ ಹರಿಯಿತು. ಅವಳ ಅತ್ತೆ, ಅಂದರೆ ನನ್ನ ಮಗಳು, ಕಾಗವಾಡದಿಂದ ಫೋನ್ ಮಾಡಿ "ನಿಮ್ಮಪ್ಪ ಮನ್ಯಾಗ ಅದಾನೇನ?" ಎಂದು ಕೇಳಿದಳು. "ಅದಾನ" ಎಂದು ಹೇಳಿ ಮೊಮ್ಮಗಳು ಫೋನ್ ಇಟ್ಟುಬಿಟ್ಟಳು. ಕರೆದು ಕೊಡು ಎಂದು ಕೇಳಿರಲಿಲ್ಲವಲ್ಲ. ಕಾಗವಾಡದವರು ಇದನ್ನು ಮನಸ್ಸಿಗೆ ಹಚ್ಚಿಕೊಂಡು ಒಂದು ಹಬ್ಬಕ್ಕೆ ಬರಲಿಲ್ಲ.

ಒಂದು ಸಂಜೆ ಸೊಸೆ, "ಹಾಲು ಒಲಿ ಮ್ಯಾಲ ಇಟ್ಟೀನಿ, ನೋಡು" ಎಂದು ಹೇಳಿ ಹಿತ್ತಲಿಗೆ ಹೋದಳು. ಬರುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿ, ಕಟ್ಟೆಯಿಂದ ಕೆಳಗಿಳಿದು ನೆಲದ ಮೇಲೆ ಹರಿದಿತ್ತು. ಮೊಮ್ಮಗಳು ಸ್ಟೂಲಿನ ಮೇಲೆ ಕಾಲು ಮೇಲೆತ್ತಿ ಕುಳಿತು ಅದನ್ನೇ ನೋಡುತ್ತಿದ್ದಳು.

"ಏನ ಇದು?" ಎಂದಳು ಸೊಸೆ.

"ನೋಡು ಅಂದಿ, ನೋಡಿದೆ. ಇಳಸು ಅಂತ ನೀ ಎಲ್ಲೂ ಹೇಳಿಲ್ಲ. ಹೇಳದ್ದು ನಾ ಸೇರಸಬಾರದಂತ ಆಯಿ ಹೇಳ್ಯಾಳ."

ಸೊಸೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನಿಧಾನವಾಗಿ ಹೇಳಿದಳು: "ಅತ್ತಿ, ಈಕಿ ವಕೀಲಳಾಗೂದು ಖಾತ್ರಿ. ಆದ್ರ ಅಲ್ಲೀತನಕ ನಾವೆಲ್ಲಾ ಕರೀ ಚಹಾ ಕುಡೀಬೇಕಾಕ್ಕೈತಿ."

ಐದು ಜನರ ಸಹಿ

ಪರೀಕ್ಷೆ ಬೆಳಗಾವಿಯಲ್ಲಿ, ಕಂಪ್ಯೂಟರಿನ ಮುಂದೆ. ನಾನು, ಮಗ, ಸೊಸೆ ಮೂವರೂ ಹೋಗಿ ಕಾಂಪೌಂಡಿನ ಹೊರಗೆ ಮರದ ಕೆಳಗೆ ಕುಳಿತೆವು. ಮೊಮ್ಮಗಳು ಹೊರಗೆ ಬಂದಾಗ ಮುಖ ಬಾಡಿರಲಿಲ್ಲ.

"ಆಯಿ, ಪ್ಯಾಸೇಜ್ ಕಬ್ಬಿನ ಮ್ಯಾಲ ಬಂದಿತ್ತು" ಎಂದಳು.

ಬೇರೆ ಯಾವುದಾದರೂ ಬಂದಿದ್ದರೆ ಚಿಂತೆಯಿರಲಿಲ್ಲ. ಕಬ್ಬಿನ ಬಗ್ಗೆ ನಮ್ಮ ಮನೆಯವರು ಇನ್ನೊಬ್ಬರ ಮಾತು ಕೇಳಿದ ಉದಾಹರಣೆಯಿಲ್ಲ.

"ಅದರಾಗ ಕಬ್ಬು ಬೀಜಾ ಬಿತ್ತಿ ಬೆಳದ್ರು ಅಂತ ಇತ್ತು. ನಾ ಹಂಗ ಗುರುತು ಹಾಕಿದೆ. ಯಾಕಂದ್ರ ಅದು—"

ಇಷ್ಟು ಕೇಳುವುದರಲ್ಲಿ ನನ್ನ ಮಗ ಎದ್ದು ನಿಂತಿದ್ದ. "ಬೀಜಾ? ಕಬ್ಬಿಗೆ? ಜ್ವಾಳಾ ಅಂತ ತಿಳದಾನೇನು? ಕಬ್ಬು ತುಂಡು ಮಾಡಿ, ಕಣ್ಣು ಮ್ಯಾಲ ಮಾಡಿ ಹಚ್ಚತಾರ. ಯಾವ ಶಾಣ್ಯಾ ಬರದಾನ ಇದನ್ನ?" ಎನ್ನುತ್ತ ಜೀಪಿನ ಕಡೆ ನಡೆದೇಬಿಟ್ಟ. ಅಥಣಿ ಮುಟ್ಟುವವರೆಗೂ ದಾರಿಯಲ್ಲಿ ಕಂಡ ಪ್ರತಿಯೊಂದು ಕಬ್ಬಿನ ಹೊಲವನ್ನೂ ತೋರಿಸಿ, "ಇದನ್ನೂ ಬಿತ್ತ್ಯಾರೇನು ಕೇಳು" ಎಂದ. ನಾನು ಮಾತ್ರ ಒಳಗೊಳಗೇ ಹಿಗ್ಗಿದ್ದೆ. ತಲೆತಲಾಂತರದಿಂದ ಕಬ್ಬು ಹಚ್ಚಿದ ಮನೆತನದ ಹುಡುಗಿ, ಎದುರಿಗೆ ಬರೆದದ್ದನ್ನು ನೋಡಿ ಅದಕ್ಕೇ ಗುರುತು ಹಾಕಿ ಬಂದಿದ್ದಾಳೆ. ಇದಕ್ಕಿಂತ ದೊಡ್ಡ ಗೆಲುವು ನನ್ನ ಕ್ಲಾಸಿಗೆ ಬೇರೆ ಏನಿದೆ?

ಕೆಲವು ದಿನಗಳ ಮೇಲೆ ಪರೀಕ್ಷೆಯವರು ಸರಿಯುತ್ತರಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಕಬ್ಬಿನ ಪ್ರಶ್ನೆಗೆ ‘ಬೀಜದಿಂದ’ ಎಂಬುದೇ ಸರಿ. ಮೊಮ್ಮಗಳ ಅಂಕ ಕೂಡಿಸಿ ನೋಡಿದೆವು. ಸೀಟು ಸಿಗುವುದಕ್ಕೂ ಸಿಗದಿರುವುದಕ್ಕೂ ನಡುವೆ ಒಂದೇ ಅಂಕದ ಅಂತರ ಎನ್ನುವಂತಿತ್ತು. ಸರಿಯುತ್ತರ ತಪ್ಪೆನಿಸಿದರೆ ಪುರಾವೆ ಸಮೇತ ತಕರಾರು ಸಲ್ಲಿಸಬಹುದು ಎಂದೂ ಹಾಕಿದ್ದರು. ಅದನ್ನು ನಾವು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ಮಗ ತೆಗೆದುಕೊಂಡಿದ್ದ.

ಗೊತ್ತಾದದ್ದು ಎರಡು ದಿನ ಬಿಟ್ಟು, ಊಟಕ್ಕೆ ಕುಳಿತಾಗ. "ಬರಲಿ ಉತ್ತರಾ," ಎಂದ, ರೊಟ್ಟಿ ಮುರಿಯುತ್ತ. "ತಕರಾರು ಹಾಕೀನಿ."

"ಎದರ ತಕರಾರು?" ಎಂದೆ.

"ಕಬ್ಬಿಂದ. ಪುರಾವೆ ಕೇಳಿದ್ರು, ಪಂಚನಾಮಾ ಮಾಡಿಸಿ ಕಳಿಸೀನಿ."

ನಮ್ಮ ಕಡೆ ಎಮ್ಮೆ ಸತ್ತರೆ ಪಂಚನಾಮೆ, ಗೋಡೆ ಬಿದ್ದರೆ ಪಂಚನಾಮೆ, ಕರೆಂಟಿನ ತಂತಿ ಹರಿದು ಕಬ್ಬು ಸುಟ್ಟರೆ ಪಂಚನಾಮೆ. ಊರಿನ ಐದು ಜನ ನೋಡಿ ಸಹಿ ಮಾಡಿದರೆಂದರೆ ಅದರ ಮೇಲೆ ಮಾತಿಲ್ಲ. ಆದರೆ ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಇಂಗ್ಲಿಷ್ ಪರೀಕ್ಷೆಯ ಮೇಲೆ ಪಂಚನಾಮೆ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಫೋನಿನಲ್ಲಿ ತೋರಿಸಿದ. ಉಗಾರ ಬುದ್ರುಕದ ನಮ್ಮ ಹೊಲದಲ್ಲಿ ಕೈಯಲ್ಲಿ ಕಬ್ಬಿನ ತುಂಡು ಹಿಡಿದು, ಅದರ ಮೊಳಕೆಯ ಕಣ್ಣು ಕ್ಯಾಮೆರಾಕ್ಕೆ ಕಾಣುವಂತೆ ನಿಂತ ಅವನ ಫೋಟೋ. ಅದರ ಕೆಳಗೆ ಪಂಚನಾಮೆ, ಕನ್ನಡದಲ್ಲಿ:

‘ಕೆಳಗೆ ಸಹಿ ಮಾಡಿದ ಪಂಚರಾದ ನಾವು ಸ್ಥಳದಲ್ಲಿ ಖುದ್ದು ಹಾಜರಿದ್ದು ಪರಿಶೀಲಿಸಿ ನೋಡಲಾಗಿ, ಸದರಿ ಕಬ್ಬನ್ನು ತುಂಡಿನಿಂದ ಹಚ್ಚತಕ್ಕದ್ದೇ ಹೊರತು ಬೀಜದಿಂದ ಬಿತ್ತತಕ್ಕದ್ದಲ್ಲವೆಂದು ಕಂಡುಬಂದಿದೆ.’

ಐದು ಸಹಿ. ಅದರಲ್ಲಿ ಒಂದು ಹೆಬ್ಬೆಟ್ಟು.

ಸೊಸೆಗೆ ಇನ್ನೂ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಮೊಮ್ಮಗಳಿಗೆ. ತಟ್ಟೆ ಸರಿಸಿ ಬಹಳ ತಣ್ಣಗೆ ಕೇಳಿದಳು:

"ಅಪ್ಪಾ, ನಿನ್ನ ತಕರಾರು ಅವರು ಒಪ್ಪಿದ್ರ ಏನಾಕ್ಕೈತಿ ಗೊತ್ತೈತೇನು?"

"ಉತ್ತರಾ ತಿದ್ದತಾರ."

"ತಿದ್ದಿದ್ರ ನಂದು ತಪ್ಪಾಕ್ಕೈತಿ. ನಾ ಬೀಜಾ ಅಂತ ಬರದೀನಿ. ಅಂಕ ಹೋಕ್ಕೈತಿ, ಸ್ವಲ್ಪ ಹೆಚ್ಚು ಕಡಿಮಿ ಆದ್ರ ಸೀಟೂ ಹೋಕ್ಕೈತಿ. ಮತ್ತ ಒಂದ ಸಲ ಅಂತ ಹೇಳಿದಾವ ನೀನ."

ಮಗನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ತಕರಾರು ವಾಪಸ್ ತಗೋಳಾಕ ಬರತೈತೇನು?" ಎಂದ.

"ಬರೂದಿಲ್ಲ."

"ಆದ್ರ ಕಬ್ಬು ಬೀಜದಿಂದ ಬಿತ್ತೂದಿಲ್ಲವ್ವ," ಎಂದು ನನ್ನ ಮುಖ ನೋಡಿದ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಆ ಮೇಲಿನ ದಿನಗಳಲ್ಲಿ ಮನೆಗೆ ಮನೆಯೇ ಜವಾಬಿಗೆ ಕಾದು ಕುಳಿತಿತ್ತು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಕಬ್ಬಿನ ನೆನಪು. ಮಗ ಅಂಗಡಿಯಲ್ಲಿ ಕುಳಿತು ಐದು ಜನ ಪಂಚರ ಮಾತಿಗೆ ಸರಕಾರದಲ್ಲಿ ಎಷ್ಟು ಕಿಮ್ಮತ್ತಿದೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಬಹಳ ಇದೆ ಎಂದು ಹೇಳಿದವರ ಮೇಲೆ ಸಿಟ್ಟಾಗುತ್ತಿದ್ದ. ಮೊಮ್ಮಗಳು ಒಂದು ದಿನ ಚಿಕ್ಕೋಡಿಯ ಬಿ.ಕಾಂ. ಕಾಲೇಜಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಾಗ, ಅವನು ಎದ್ದು ಹಿತ್ತಲಿಗೆ ಹೋಗಿ, ಅಲ್ಲಿ ಮಾಡುವುದಕ್ಕೇನೂ ಇಲ್ಲದೆ, ತಿರುಗಿ ಬಂದ.

ಕೊನೆಗೆ ಅಂತಿಮ ಉತ್ತರಗಳು ಬಂದವು. ಕಬ್ಬಿನ ಉತ್ತರ ಬದಲಾಗಿರಲಿಲ್ಲ. ತಕರಾರಿಗೆ ಒಂದು ಸಾಲಿನ ಜವಾಬು ಬಂದಿತ್ತು: ‘ಅಭ್ಯರ್ಥಿಯು ಪ್ಯಾಸೇಜನ್ನು ಗಮನವಿಟ್ಟು ಓದತಕ್ಕದ್ದು.’ ರ್‍ಯಾಂಕ್ ಬಂತು, ಕೊನೆಯ ಸುತ್ತಿನಲ್ಲಿ ಸೀಟೂ ಬಂತು. ಕಾನೂನು ಕಾಲೇಜಿನ ಬಾಗಿಲು ಸರಿಯಾಗಿ ನನ್ನ ಮೊಮ್ಮಗಳ ಅಂಕಕ್ಕೇ ಮುಚ್ಚಿತ್ತು. ಒಂದು ಅಂಕ ಕಡಿಮೆಯಾಗಿದ್ದರೆ ಅವಳು ಈಗ ಯೂರಿಯಾ ತೂಗುತ್ತಿದ್ದಳು.

ಸೊಸೆ ಅತ್ತಳು. ನಾನೂ ಅತ್ತೆ. ಮಗ ಮಾತ್ರ ಆ ಒಂದು ಸಾಲಿನ ಜವಾಬನ್ನು ಹಿಡಿದು ಕುಳಿತಿದ್ದ. "ಪ್ಯಾಸೇಜ್ ಓದತಕ್ಕದ್ದು ಅಂತಾರಲ್ಲ, ಹಂಗಂದ್ರೇನು?" ಎಂದು ಮಗಳನ್ನು ಕೇಳಿ, ಮೊದಲ ಸಲ ಆ ಪ್ಯಾಸೇಜನ್ನು ತೆರೆಸಿ, ಬೆರಳಿಟ್ಟು ಓದಿದ. ಹೊಸ ಹೊಸ ತಳಿ ಹುಡುಕುವ ಒಂದು ಸಂಶೋಧನಾ ಕೇಂದ್ರದ ಕಥೆ ಅದು. ಕಬ್ಬು ಹೂ ಬಿಟ್ಟಾಗ ಬರುವ ಸೂಲಂಗಿಯಿಂದ ಧೂಳಿನಂಥ ಬೀಜ ಉದುರಿಸಿ, ಕುಂಡದಲ್ಲಿ ಬಿತ್ತಿ, ತಳಿ ಮಾಡುತ್ತಾರಂತೆ. ರೈತರು ಮಾತ್ರ ತುಂಡನ್ನೇ ಹಚ್ಚುತ್ತಾರೆ ಎಂದು ಎರಡನೆಯ ಸಾಲಿನಲ್ಲೇ ಬರೆದಿತ್ತು.

"ಇದನ್ನ ನನಗ ಯಾಕ ಹೇಳಲಿಲ್ಲ?" ಎಂದ.

"ಹೇಳಾಕತ್ತಿದ್ದೆ. ‘ಯಾಕಂದ್ರ’ ಅನ್ನೂದ್ರಾಗ ನೀ ಜೀಪ್ ಹತ್ತಿದ್ದಿ."

ಮಗ ಕೆಟ್ಟವನಲ್ಲ. ತಪ್ಪಾದರೆ ಒಪ್ಪಿಕೊಳ್ಳುವವನು. ಮರುದಿನವೇ ಪೇಡೆ ತೆಗೆದುಕೊಂಡು, ಸಹಿ ಮಾಡಿದ ಐದೂ ಜನರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಬರುತ್ತೇನೆಂದು ಉಗಾರ ಬುದ್ರುಕಕ್ಕೆ ಹೊರಟ. ನಾನೂ ಮೊಮ್ಮಗಳೂ ಜೊತೆಗೆ ಹೋದೆವು. ಐವರೂ ಚಹಾದಂಗಡಿಯ ಮುಂದೆಯೇ ಸಿಕ್ಕರು. ‘ಸ್ಥಳದಲ್ಲಿ ಖುದ್ದು ಹಾಜರಿದ್ದು’ ಎಂಬಲ್ಲಿನ ಸ್ಥಳ ಈ ಚಹಾದಂಗಡಿಯೇ ಎಂದು ಅಲ್ಲಿಯೇ ನನಗೆ ತಿಳಿದದ್ದು. ಮಗ ಪೇಡೆ ಕೊಟ್ಟು, ತಲೆ ಕೆಳಗೆ ಹಾಕಿ, ಎಲ್ಲವನ್ನೂ ಹೇಳಿದ. ಪರೀಕ್ಷೆ, ಪ್ಯಾಸೇಜ್, ಸಂಶೋಧನಾ ಕೇಂದ್ರ, ಸೂಲಂಗಿ, ಮಗಳ ಅಂಕ. "ತಪ್ಪು ನಂದ ಕಾಕಾ. ಪ್ಯಾಸೇಜ್ ಓದದ ನಿಮ್ಮ ಕಡಿಂದ ಸಹಿ ಮಾಡಿಸಿದೆ" ಎಂದ.

ಐವರೂ ಪೇಡೆ ಕೈಯಲ್ಲೇ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರಿಗಿಂತ ಹಿರಿಯರಾದವರು ಗಂಟಲು ಸರಿಪಡಿಸಿಕೊಂಡರು.

"ಪ್ಯಾಸೇಜ್ ಹೋಗ್ಲಿ ತಮ್ಮಾ, ನಾವು ಪಂಚನಾಮಾನೂ ಓದಿಲ್ಲ. ತಂತಿ ಹರದು ನಿನ್ನ ಕಬ್ಬು ಸುಟ್ಟೈತಿ ಅಂತ ತಿಳಕೊಂಡು ಸಹಿ ಮಾಡೀವಿ. ಊರಾಗೆಲ್ಲಾ ಹೇಳೀವಿ, ಹೆಣ್ಣುಮಕ್ಕಳು ಅಯ್ಯೋ ಪಾಪ ಅಂದಾರ." ಕೈಯಲ್ಲಿದ್ದ ಪೇಡೆಯನ್ನು ಒಮ್ಮೆ ನೋಡಿದರು. "ಈಗ ಪೇಡೆ ತಂದಿ ಅಂದಕೂಡ್ಲೆ, ಪರಿಹಾರ ಮಂಜೂರಾತು ಅಂತ ನಾವೆಲ್ಲಾ ಖುಷಿಯಾಗಿದ್ವಿ."